ಬಿಯರ್ ಕುರ್ಚಿಯ ಗವುಸು

ನಮ್ಮ ಮನೆಯಲ್ಲಿ ಬಿಯರ್ ಕುರ್ಚಿಗಳಿವೆ, ಬಿಯರ್ ಮೇಜಿದೆ, ಬಿಯರ್ ಗಡಿಯಾರವಿದೆ, ಗೋಡೆಯ ಮೇಲೆ ಸ್ವಿಚ್ ಹಾಕಿದರೆ ಉರಿಯುವ ಬಿಯರ್ ಬೋರ್ಡಿದೆ. ಬಿಯರ್ ಮಾತ್ರ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಳ್ಳೇಗಾಲದ ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಕಿಟಕಿಯಲ್ಲಿ ಇಣುಕಿ ಏನೇನೋ ಅಂದುಕೊಂಡು ಹೋಗುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕತೆ ಹೇಳಿ ನನಗೆ ಸಾಕಾಗಿಹೋಗಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಅವರಿಗೆ ನಾನು ಕೊಟ್ಟಿರುವ ಪುಕ್ಕಟೆ ಪ್ರಚಾರವೇ ಹೆಚ್ಚಾಗಿದೆ.

ಇದನ್ನು ಬರೆಯುತ್ತಿರುವುದೂ ಅಂಥದೇ ಒಂದು ಕುರ್ಚಿಯಲ್ಲಿ ಕೂತು. ಕೆಂಪು ಪ್ಲಾಸ್ಟಿಕ್ಕು, ಒರಗುವ ಕಡೆ ಚಿನ್ನದ ಬಣ್ಣದ ಅಕ್ಷರ, ಅದರ ಕೆಳಗೆ ಒಂದು ಸೀಸೆ, ಪಕ್ಕದಲ್ಲಿ ನೊರೆ ಉಕ್ಕುತ್ತಿರುವ ಗ್ಲಾಸು. ನನ್ನ ಬೆನ್ನು ತಾಗಿ ತಾಗಿ ನೊರೆ ಅರ್ಧ ಅಳಿಸಿದೆ. ಕುರ್ಚಿ ಮಾತ್ರ ಬಲು ಗಟ್ಟಿ. ಕೂತವನು ಯಾವ ಕಡೆಗೆ ಬೇಕಾದರೂ ವಾಲಬಹುದು ಎಂದು ಯೋಚಿಸಿಯೇ ಮಾಡಿರಬೇಕು.

ನನ್ನ ಗಂಡ ವೈರಿಂಗ್ ಕೆಲಸದವರು. ಈ ಕಡೆ ಹನೂರು, ಆ ಕಡೆ ಯಳಂದೂರಿನವರೆಗೆ ಎಷ್ಟೋ ಮನೆ ಅಂಗಡಿಗಳ ಕರೆಂಟು ಇವರ ಕೈಯಲ್ಲಿದೆ. ನಾನು ಇಲ್ಲಿನ ಮಗ್ಗದಿಂದ ಬರುವ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತೇನೆ, ರವಿಕೆ ಹೊಲಿಯುತ್ತೇನೆ. ಮನೆಯ ಹಿಂದಿನ ಶೀಟಿನ ರೂಮು ನನ್ನ ಕೆಲಸದ ರೂಮು. ಅಂದರೆ, ಆಗಿತ್ತು.

ಒಂದು ಮಧ್ಯಾಹ್ನ ಮದುವೆ ಸೀರೆಯೊಂದಕ್ಕೆ ಕುಚ್ಚು ಕಟ್ಟುತ್ತಾ ಕೂತಿದ್ದೆ. ಬೀದಿಯಲ್ಲಿ ಗೂಡ್ಸ್ ಆಟೋ ನಿಂತ ಸದ್ದಾಯಿತು, ಅದರ ಹಿಂದೆಯೇ ಎದುರು ಮನೆಯವರ ನಗು ಕೇಳಿಸಿತು. ಹೊರಗೆ ಬಂದು ನೋಡಿದರೆ ಆಟೋ ತುಂಬ ಕೆಂಪು ಕುರ್ಚಿ, ಕಬ್ಬಿಣದ ಕಾಲಿನ ದುಂಡು ಮೇಜು, ಮೇಲೆ ಅಡ್ಡಡ್ಡ ಕಟ್ಟಿದ ದೊಡ್ಡ ಛತ್ರಿ. ಎಲ್ಲದರ ಮೇಲೂ ಅದೇ ಸೀಸೆ, ಅದೇ ನೊರೆ. ನನ್ನ ಗಂಡ ಡ್ರೈವರ್ ಪಕ್ಕದಲ್ಲಿ ಅಕ್ಷರ ಬರೆದ ಕನ್ನಡಿಯೊಂದನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಕೂತಿದ್ದರು. ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ತಡ. ಗೇಟಿನಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಆಟೋದವನು ಹಗ್ಗ ಬಿಚ್ಚಲೋ ಬೇಡವೋ ಎಂದು ಒಂದು ಸಲ ಇವರ ಮುಖ, ಒಂದು ಸಲ ನನ್ನ ಮುಖ ನೋಡಿದ.

ಹನೂರು ರಸ್ತೆಯಲ್ಲಿ ಒಂದು ಬಾರಿತ್ತು. ರಸ್ತೆ ಅಗಲ ಮಾಡುವಾಗ ಕಟ್ಟಡದ ಮುಂಭಾಗ ಹೋಯಿತು, ಉಳಿದದ್ದರಲ್ಲಿ ವ್ಯಾಪಾರ ಸಾಗುವುದಿಲ್ಲವೆಂದು ಮಾಲೀಕ ಬಾಗಿಲು ಹಾಕಿದ. ಅಲ್ಲಿನ ಫ್ಯಾನು, ಫ್ಯೂಸು ನೋಡಿಕೊಳ್ಳುತ್ತಿದ್ದವರು ಇವರೇ. ಸಾಮಾನು ಗುಜರಿಗೆ ಹೋಗುತ್ತದೆ ಎಂದು ಗೊತ್ತಾದ ದಿನವೇ ಹೋಗಿ ತುಂಬಿಕೊಂಡು ಬಂದಿದ್ದರು. ಹಾಗಂತ ಇವರು ಎಣ್ಣೆ ಹಾಕುವವರಲ್ಲ. ಅಷ್ಟು ವರ್ಷ ಆ ಬಾರಿಗೆ ಹೋಗಿಬಂದರೂ ಒಂದು ಸೋಡಾ ಕುಡಿದು ತೇಗಿ ಬಂದ ಮನುಷ್ಯ. ಅದಕ್ಕೇ ನನಗೆ ತಲೆಬುಡ ತಿಳಿಯಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಕೈಕಾಲು ತೊಳೆದು, ಟವಲಿನಲ್ಲಿ ಮುಖ ಒರೆಸಿಕೊಂಡು, ನಾನು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಹೇಳಿದರು.

"ಅಣ್ಣನ ಜಾಗ ಕಣೇ ಅದು. ಗುಜರಿಗೆ ಓಯ್ತದೆ ಅಂದ್ರೆ ನೋಡ್ಕಂಡು ಇರಕ್ಕಾಗ್ಲಿಲ್ಲ."

ನಾನೇ ಹೋಗಿ ಆಟೋದವನಿಗೆ ಹಗ್ಗ ಬಿಚ್ಚು ಅಂದೆ.

ಅಣ್ಣ ಅಂದರೆ ನನ್ನ ಭಾವ, ಹನೂರಿನ ಹತ್ತಿರದ ಶಾಗ್ಯದಲ್ಲಿ ಬೇಸಾಯ. ರಾಗಿ, ಮುಸುಕಿನ ಜೋಳ, ಎರಡು ಹಸು. ಮಾವ ಬೇಗ ತೀರಿಕೊಂಡ ಮೇಲೆ ಇವರನ್ನು ಸಾಕಿದ್ದು, ವೈರಿಂಗ್ ಕಲಿಯಲು ಕಳಿಸಿದ್ದು, ನನ್ನನ್ನು ನೋಡಿ ಒಪ್ಪಿ ತಂದದ್ದು ಎಲ್ಲ ಭಾವನೇ. ಬಂಗಾರದಂಥ ಮನುಷ್ಯ, ಕುಡಿತ ಒಂದು ಬಿಟ್ಟರೆ. ಊರಲ್ಲಿ ಕುಡಿದರೆ ಮರ್ಯಾದೆ ಹೋಗುತ್ತದೆ ಎಂದು ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬರುತ್ತಿದ್ದರು. ಆ ಬಾರಿನ ಮೂಲೆಯ ಮೇಜು, ಗೋಡೆಗೆ ಬೆನ್ನು ಕೊಟ್ಟ ಕುರ್ಚಿ, ತಲೆಯ ಮೇಲೆ ಉರಿಯುವ ಬೋರ್ಡು. ಅಲ್ಲಿ ಕೂತರೆ ಸುತ್ತ ಹತ್ತು ಜನ ಸೇರಿ ಭಾವನ ಮಾತು ಕೇಳುತ್ತಿದ್ದರಂತೆ. ಆಮೇಲೆ ವಾಲಾಡುತ್ತಾ ನಮ್ಮ ಮನೆಗೆ ಬರುವುದು, ನಾನು ಬೈಯುವುದು, ಬೈಯುತ್ತಲೇ ಮುದ್ದೆ ಬಡಿಸುವುದು, ಅವರು ತಲೆ ತಗ್ಗಿಸಿ ಉಣ್ಣುವುದು ನಡೆದೇ ಇತ್ತು. ಕೊನೆಗೆ ಒಂದು ದಿನ ಹನೂರು ಬಸ್ ಸ್ಟ್ಯಾಂಡಿನಲ್ಲಿ ಬಿದ್ದು, ಆಸ್ಪತ್ರೆ ಸೇರಿ, ಡಾಕ್ಟರು ಹೊಟ್ಟೆಯೊಳಗೆ ಏನೂ ಉಳಿದಿಲ್ಲ ಎಂಬಂತೆ ಮಾತಾಡಿದರು. ಗುಣವಾದ ಮೇಲೆ ಓರಗಿತ್ತಿ ಅವರನ್ನು ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಒಂದು ವರ್ಷ ಮುಟ್ಟುವುದಿಲ್ಲ ಎಂದು ಭಾವ ಆಣೆ ಮಾಡಿದರು.

ಮಾಡಿದ ಆಣೆ ನಡೆಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನುಷ್ಯನ ಮಾತೇ ನಿಂತುಹೋಯಿತು. ಹೊಲಕ್ಕೆ ಹೋಗುವುದು, ಬರುವುದು, ಸಂಜೆಯಾದರೆ ಜಗಲಿಯಲ್ಲಿ ಕೂತು ಬಸ್ಸು ಹೋಗುವ ರಸ್ತೆ ನೋಡುವುದು. ಕರೆದರೆ ಹೂಂ ಅನ್ನುವುದಿಲ್ಲ, ಉಣ್ಣು ಅಂದರೆ ಉಣ್ಣುವುದು. ಓರಗಿತ್ತಿ ನನಗೆ ಫೋನು ಮಾಡಿ ಅತ್ತಳು. ನಾನು ಎಂದೂ ಅವಳ ಅಳು ಕೇಳಿದವಳಲ್ಲ.

"ಕುಡೀತಿದ್ದಾಗ ಬೈಯ್ಯಕ್ಕಾದ್ರೂ ಒಬ್ರಿದ್ರು ಕಣವ್ವ. ಈಗ ಮನೇಲಿ ಯಾರೂ ಇಲ್ದಂಗಾಗದೆ. ವರ್ಸ ತುಂಬುದ್ ದಿವ್ಸ ಸೀದಾ ಎದ್ದು ಓಯ್ತಾರೆ, ನೀನೇ ನೋಡು."

ಅವಳ ಆ ಭಯ ನಮ್ಮೆಲ್ಲರದೂ ಆಗಿತ್ತು. ವರ್ಷ ತುಂಬಿದರೆ ಆಣೆ ಮುಗಿಯುತ್ತದೆ. ಆಮೇಲೆ ಅವರನ್ನು ತಡೆಯುವುದು ಏನು? ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಇವರ ಲೆಕ್ಕಾಚಾರವೇ ಬೇರೆ. ಅಣ್ಣನಿಗೆ ಬೇಕಾಗಿರುವುದು ಎಣ್ಣೆಯಲ್ಲ, ಆ ಜಾಗ, ಆ ಮೇಜು, ಆ ಹರಟೆ ಎಂದು ಇವರ ವಾದ. "ಬಲ್ಬು ಸುಟ್ಟೋಗದೆ ಅಂತ ಮನೆ ವೈರೆಲ್ಲ ಕಿತ್ತಾಕ್ಬುಟ್ಟವರೆ," ಅಂದರು. ಆ ಜಾಗವನ್ನೇ ನಮ್ಮ ಮನೆಯಲ್ಲಿ ಇಟ್ಟು, ಕೇರಂ ಹಾಕಿ, ಮಜ್ಜಿಗೆ ಕೊಟ್ಟರೆ ಅಣ್ಣ ಮೊದಲಿನ ಹಾಗೆ ಆಗುತ್ತಾನೆ ಎಂಬ ನಂಬಿಕೆ. ಕೇಳಿದರೆ ಹುಚ್ಚು ಅನಿಸುತ್ತದೆ. ಆದರೆ ನನಗೂ ಬೇರೆ ಏನು ಮಾಡಬೇಕೆಂದು ತೋಚಿರಲಿಲ್ಲ. ನನ್ನ ಹೊಲಿಗೆ ಯಂತ್ರ ನಡುಮನೆಯ ಓಣಿಗೆ ಬಂತು. ಅಲ್ಲಿ ಓಡಾಡುವವರ ಮೊಣಕೈ ದಿನಾ ನನ್ನ ದಾರದುಂಡೆ ಬೀಳಿಸುತ್ತದೆ, ಈಗಲೂ.

ರೂಮಿಗೆ ಮಾತ್ರ ಏನು ಕಳೆ ಬಂತು ಅಂತೀರಿ! ಮೂಲೆಗೆ ದುಂಡು ಮೇಜು, ಅದರ ಮೇಲೆ ಗೋಡೆಗೆ ಉರಿಯುವ ಬೋರ್ಡು, ಎದುರಿಗೆ ಅಕ್ಷರದ ಕನ್ನಡಿ. ಗಡಿಯಾರದಲ್ಲಿ ಹನ್ನೆರಡರ ಜಾಗಕ್ಕೆ ಸೀಸೆಯ ಮುಚ್ಚಳ. ಐಸ್ ಹಾಕುವ ಡಬ್ಬ ನಾನೇ ಕಿತ್ತುಕೊಂಡೆ, ದಾರದುಂಡೆ ಇಡಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಟ್ರೇಗಳ ಮೇಲೆ ಸಂಡಿಗೆ ಒಣಗಿತು. ಛತ್ರಿ ಹಿತ್ತಲಿನ ಒಗೆಯುವ ಕಲ್ಲಿಗೆ ನೆರಳಾಯಿತು, ಅದರಡಿ ಬಟ್ಟೆ ಒಗೆಯುವಾಗ ನನಗೆ ದೊಡ್ಡ ಸಾಹುಕಾರತಿ ಅನಿಸುತ್ತಿತ್ತು. ಬೀದಿಯವರು ನಮ್ಮ ಮನೆಗೆ ಬಾರು ಎಂದೇ ಹೆಸರಿಟ್ಟರು. ಇವರು ಮಾತ್ರ ಅದನ್ನು ಆಟದ ರೂಮು ಅನ್ನುತ್ತಿದ್ದರು.

ಕುರ್ಚಿಗಳಲ್ಲಿ ಒಂದರ ಕೈ ಸೀಳಿತ್ತು. ಇವರು ಹಿಂದೆಯೇ, ಕುರ್ಚಿ ಬಾರಿನಲ್ಲಿದ್ದಾಗಲೇ, ಕಾದ ಕಬ್ಬಿಣದಿಂದ ಸಾಲಾಗಿ ತೂತು ಮಾಡಿ ತಾಮ್ರದ ತಂತಿಯಿಂದ ಅದನ್ನು ಹೊಲಿದಿದ್ದರು. ನಾನು ಹೊಲಿಗೆಯವಳು, ಹೇಳುತ್ತೇನೆ, ಒಳ್ಳೆಯ ಹೊಲಿಗೆ. ಅದು ಭಾವನ ಕುರ್ಚಿ. ಅದನ್ನು ಗೋಡೆಗೆ ಒರಗಿಸಿ ಮೂಲೆಯಲ್ಲಿಟ್ಟು, ಮೇಲೆ ಕೂರಲು ಯಾರನ್ನೂ ಬಿಡಲಿಲ್ಲ.

ಭಾವನನ್ನು ಕರೆಸಿದರು. ಬಂದರು. ಇವರು ಮೊದಲೇ ಬೋರ್ಡು ಹೊತ್ತಿಸಿಟ್ಟು, ಹಬ್ಬದ ದಿನದ ಹಾಗೆ ಅಂಗಿ ಬದಲಾಯಿಸಿ ಕಾಯುತ್ತಿದ್ದರು. ಭಾವ ಹೊಸ್ತಿಲ ಬಳಿ ನಿಂತು ಒಳಗೆ ನೋಡಿದರು. ಕೆಂಪು ಬೆಳಕು ಅವರ ಬಿಳಿ ಅಂಗಿಯ ಮೇಲೆ ಬಿದ್ದಿತ್ತು. ಗಂಟಲಮಣಿ ಮೇಲೆ ಕೆಳಗೆ ಆಡುವುದು ನನಗೆ ಕಾಣಿಸಿತು. ಆಮೇಲೆ ತಮ್ಮನ ಕಡೆ ತಿರುಗಿದರು.

"ನನ್ನ ಆಡ್ಕತಿದ್ದೀಯೇನ್ಲಾ?"

ಅಷ್ಟೇ ಅಂದದ್ದು. ಚಪ್ಪಲಿ ಮೆಟ್ಟಿ ಹೊರಟರು. ನಾನು ಮುದ್ದೆ ಕಟ್ಟಿಟ್ಟಿದ್ದೆ, ಹುರುಳಿ ಸಾರು ಮಾಡಿದ್ದೆ. ಎಷ್ಟೇ ಕುಡಿದು ಬಂದರೂ ನಮ್ಮ ಮನೆಯಲ್ಲಿ ಉಣ್ಣದೆ ಹೋದವರಲ್ಲ ಅವರು. ಬೀದಿ ತಿರುವಿನವರೆಗೆ ಹಿಂದೆ ಓಡಿ ಕರೆದೆ, ತಿರುಗಿ ನೋಡಲಿಲ್ಲ.

ಇವರು ಅಂದು ಸಂಜೆ ಕಟಿಂಗ್ ಪ್ಲೇಯರ್ ತಂದು ಬೋರ್ಡಿನ ವೈರು ಕತ್ತರಿಸಿದರು. ಸ್ವಿಚ್ ಆರಿಸಿದ್ದರೆ ಸಾಕಿತ್ತು. ಆರಿಸಿ ಬಿಡುವುದು ಇವರಿಗೆ ಆಗಲಿಲ್ಲ. ಮಾರನೆಯ ದಿನ ಎಲ್ಲವನ್ನೂ ಗುಜರಿಗೆ ಹಾಕುತ್ತೇನೆ ಅಂದರು. ಆಗ ನನಗೆ ತಿರುಗಿ ಸಿಟ್ಟು ಬಂತು, ಈ ಸಲ ಬೇರೆ ದಿಕ್ಕಿನಿಂದ. ನನ್ನ ರೂಮು ಕಿತ್ತುಕೊಂಡು, ಬೀದಿಯವರ ಬಾಯಿಗೆ ನನ್ನನ್ನು ಹಾಕಿ, ಈಗ ಗುಜರಿಯೋ? ಒಂದು ಕುರ್ಚಿಯೂ ಹೊಸ್ತಿಲು ದಾಟಬಾರದು ಅಂದೆ. ದಾಟಲಿಲ್ಲ. ಇವರು ಮಾತ್ರ ಆ ಕಡೆ ಕಾಲಿಡುವುದನ್ನೇ ಬಿಟ್ಟರು. ಕೆಲಸದಿಂದ ಬಂದು ಅಂಗಳದಲ್ಲಿ ಕೂರುತ್ತಿದ್ದರು. ಅಲ್ಲಿ ಅಣ್ಣ, ಇಲ್ಲಿ ತಮ್ಮ, ಇಬ್ಬರೂ ರಸ್ತೆ ನೋಡಿಕೊಂಡು.

ಕುರ್ಚಿಗಳು ಹೊಸ್ತಿಲು ದಾಟಿದ್ದು ಪಕ್ಕದ ಮನೆಯ ನಾಮಕರಣಕ್ಕೆ. ಕುರ್ಚಿ ಸಾಲದು, ನಿಮ್ಮವನ್ನು ಕೊಡಿ ಎಂದು ಕೇಳಿದರು. ನಮ್ಮ ಬೀದಿಯಲ್ಲಿ ಯಾರ ಮನೆಯ ಕೆಲಸಕ್ಕೆ ಯಾರ ಮನೆಯ ಪಾತ್ರೆ ಕುರ್ಚಿ ಹೋಗುತ್ತದೆ ಎಂದು ಹೇಳಲಾಗದು. ಆದರೆ ಮಗುವಿನ ತೊಟ್ಟಿಲ ಸುತ್ತ ಸೀಸೆ ಸಾಲಾಗಿ ನಿಂತರೆ ಚೆನ್ನಾಗಿರುತ್ತದೆಯೇ? ಲೈನಿಂಗ್ ಬಟ್ಟೆಯ ಉಳಿಕೆ ಬೇಕಾದಷ್ಟಿತ್ತು. ದಿಂಬಿನ ಗವುಸಿನ ಹಾಗೆ ಚೀಲ ಹೊಲಿದು, ಕುರ್ಚಿಯ ಬೆನ್ನಿಗೆ ಮೇಲಿನಿಂದ ತೊಡಿಸಿದೆ. ಹಸಿರು, ಹಳದಿ, ನೇರಳೆ, ಯಾರ ಯಾರ ರವಿಕೆಯ ಬಣ್ಣವೋ. ಕುರ್ಚಿಗಳು ದೇವಸ್ಥಾನಕ್ಕೆ ಹೊರಟ ಹೆಂಗಸರ ಹಾಗೆ ಕಂಡವು. ಆ ನಾಮಕರಣದಲ್ಲೇ ಒಂದು ಗವುಸು ಜಾರಿತು. ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡು, ಇದೇನವ್ವ, ಯಾವ ಶರಬತ್ತು ಎಂದು ಕೇಳಿದರು. ಬಾರ್ಲಿ ನೀರಜ್ಜಿ ಅಂದೆ. ಸುಳ್ಳೇನೂ ಹೇಳಲಿಲ್ಲ.

ಅಂದಿನಿಂದ ಆ ಕುರ್ಚಿಗಳಿಗೆ ಬಿಡುವಿಲ್ಲ. ಆರತಿ, ಮುಡಿ ತೆಗೆಯುವುದು, ತಿಥಿ, ಎಲ್ಲಕ್ಕೂ ಹೋಗಿ ಬಂದವು. ಪ್ರತಿ ಸಲ ಗವುಸು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮಡಿಸಿಡುತ್ತಿದ್ದೆ. ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸಿ ಸಾಗಿಸಬೇಕಾದ್ದರಿಂದ ಗವುಸು ಬೇರೆ ಚೀಲದಲ್ಲಿ ಹೋಗುತ್ತಿತ್ತು, ಅಲ್ಲಿ ಹೋಗಿ ನಾನೇ ತೊಡಿಸುತ್ತಿದ್ದೆ. ತಂತಿಯ ಕುರ್ಚಿಯನ್ನು ಮಾತ್ರ ಇವರು ಒಮ್ಮೆಯೂ ಕೊಡಗೊಡಲಿಲ್ಲ.

ವರ್ಷ ತುಂಬುತ್ತಾ ಬಂತು. ಓರಗಿತ್ತಿ ಫೋನು ಮಾಡಿದಳು. ಆಣೆ ನಡೆಸಿಕೊಟ್ಟ ಮಾದಪ್ಪನ ಹೆಸರಿನಲ್ಲಿ ಪರ ಮಾಡುವುದೆಂದು ನಿಶ್ಚಯಿಸಿದ್ದರು. ಪರ ಅಂದರೆ ಮಾದಪ್ಪನ ಪದ ಹಾಡುವ ದೇವರಗುಡ್ಡರನ್ನು ಕರೆದು ಪೂಜೆ ಮಾಡಿಸಿ, ಊರಿಗೆ ಊಟ ಹಾಕುವುದು. ಊಟಕ್ಕೆ ನೆಲದ ಮೇಲೆ ಪಂಕ್ತಿ, ಆದರೆ ಹಿರಿಯರಿಗೆ ಕೂರಲು ಕುರ್ಚಿ ಬೇಕು. ನಿನ್ನ ಕುರ್ಚಿ ಕಳಿಸು, ಗವುಸು ಹಾಕಿದರೆ ಅವರಿಗೆ ಗೊತ್ತಾಗುವುದಿಲ್ಲ ಅಂದಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳಿದಳು. ಹನೂರಿನ ಬಾಳೆಕಾಯಿ ವ್ಯಾಪಾರಿ, ಬಾರಿನ ಹಳೆಯ ಜೊತೆಗಾರ, ಮನೆಗೆ ಬಂದು ಪರ ಮುಗಿದ ಮಾರನೆಯ ದಿನ ಬಸ್ ಸ್ಟ್ಯಾಂಡಿಗೆ ಬಾ ಎಂದು ಭಾವನಿಗೆ ಹೇಳಿ ಹೋಗಿದ್ದನಂತೆ. ಭಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲವಂತೆ.

ಅಣ್ಣ ತಮ್ಮ ಮಾತಾಡಿ ತಿಂಗಳುಗಳೇ ಆಗಿದ್ದವು. ಆದರೂ ಪರಕ್ಕೆ ಹೋಗದೆ ಇರಲಾಗುತ್ತದೆಯೇ? ಆಟೋ ಬೆಳಗ್ಗೆಯೇ ಬಂತು. ಅವಸರದಲ್ಲಿ ನಾನು ರೂಮಿನಲ್ಲಿದ್ದ ಕುರ್ಚಿಯನ್ನೆಲ್ಲ ತುಂಬಿಸಿದೆ. ಮೂಲೆಯದೂ ಅದರಲ್ಲಿ ಹೋಯಿತು. ಇವರಿಗೆ ಗೊತ್ತಾದದ್ದು ಶಾಗ್ಯದಲ್ಲಿ ಇಳಿಸುವಾಗ. ಅದನ್ನು ಅಟ್ಟಿಯ ತಳಕ್ಕೆ ತಳ್ಳಿದರು.

ಕುರ್ಚಿ ಹುಣಸೆ ಮರದಡಿ, ಗವುಸಿನ ಚೀಲ ಅಡುಗೆ ಚಪ್ಪರದ ಪಕ್ಕದಲ್ಲಿ ಇಟ್ಟು ನಾನು ಹೂ ಕಟ್ಟಲು ಒಳಗೆ ಹೋದೆ. ಪೂಜೆ ಶುರುವಾಯಿತು, ಕಂಸಾಳೆ ಸದ್ದಾಯಿತು, ಉಘೇ ಎಂದು ಎಲ್ಲರೂ ಕೂಗಿದೆವು. ನನ್ನ ತಲೆಯಲ್ಲಿ ಗವುಸು ಇರಲಿಲ್ಲ. ಭಾವ ಮಾದಪ್ಪನ ಪಟದ ಮುಂದೆ ಕೈಮುಗಿದು ನಿಂತಿದ್ದರು, ಮುಖದಲ್ಲಿ ಏನೂ ಇರಲಿಲ್ಲ. ಅವರು ಏನು ಬೇಡಿಕೊಳ್ಳುತ್ತಿದ್ದಾರೆ ಎಂದು ನೋಡುತ್ತಾ ನಿಂತುಬಿಟ್ಟೆ.

ಹೊರಗೆ ಬಂದರೆ ನನ್ನ ಜೀವ ಹೋದ ಹಾಗಾಯಿತು. ಊರಿನ ಹುಡುಗರು ಕುರ್ಚಿಗಳನ್ನು ಅಂಗಳದಲ್ಲಿ ಎರಡು ಸಾಲು ಹಾಕಿದ್ದರು, ಬರೀ ಮೈಯಲ್ಲಿ. ಕುಡಿತ ಬಿಟ್ಟ ಹರಕೆಯ ಪರದಲ್ಲಿ, ಹಸಿರು ಚಪ್ಪರದಡಿ, ಸಾಲು ಸಾಲು ಸೀಸೆ, ಸಾಲು ಸಾಲು ನೊರೆ. ಗವುಸು ಎಲ್ಲಿ ಎಂದು ಚಪ್ಪರಕ್ಕೆ ಓಡಿದೆ. ಅಲ್ಲಿ ಬೆವರುತ್ತಾ ಅನ್ನದ ಹಂಡೆ ಇಳಿಸುತ್ತಿದ್ದ ಹೆಂಗಸರ ಎರಡೂ ಕೈಗೆ ನನ್ನ ಗವುಸು! ಹಸಿರೊಂದು ಕೈಗೆ, ನೇರಳೆಯೊಂದು ಕೈಗೆ. ಉಳಿದವು ಬಸಿದ ಅನ್ನದ ರಾಶಿಯ ಮೇಲೆ ಹೊದಿಕೆಯಾಗಿದ್ದವು. ಕೇಳಿದರೆ ಅವರಿಗೆ ಆಶ್ಚರ್ಯ. ಹಂಡೆ ಹಿಡಿಯಲೆಂದೇ ಯಾರೋ ಬುದ್ಧಿವಂತರು ಚೀಲ ಹೊಲಿದು, ಒಗೆದು, ಇಸ್ತ್ರಿ ಮಾಡಿ ಕಳಿಸಿದ್ದಾರೆ ಅಂದುಕೊಂಡಿದ್ದರಂತೆ. ಕೈ ಸುಡಲೇ ಇಲ್ಲ ಎಂದು ನನ್ನನ್ನು ಹೊಗಳಿದರು. ಅನ್ನದ ಗಂಜಿ ಮೆತ್ತಿದ ಅವನ್ನು ಇನ್ನು ಕುರ್ಚಿಗೆ ತೊಡಿಸುವ ಹಾಗಿರಲಿಲ್ಲ.

ಅಷ್ಟರಲ್ಲಿ ಭಾವ ಮಂಗಳಾರತಿ ತಟ್ಟೆ ಹಿಡಿದು ಹೊರಗೆ ಬಂದರು. ಅಂಗಳದವರ ಕಣ್ಣೆಲ್ಲ ಅವರ ಮೇಲೆ. ಹಿರಿಯ ದೇವರಗುಡ್ಡರೊಬ್ಬರು ಆಗಲೇ ಒಂದು ಕುರ್ಚಿಯಲ್ಲಿ ಕೂತು ವಿಭೂತಿ ಸರಿಮಾಡಿಕೊಳ್ಳುತ್ತಿದ್ದರು, ಅವರ ಜಟೆಯ ಎರಡೂ ಪಕ್ಕ ಚಿನ್ನದ ಅಕ್ಷರ. ನನ್ನ ಗಂಡ ಹುಣಸೆ ಮರಕ್ಕೆ ಅಂಟಿಕೊಂಡು ನಿಂತಿದ್ದರು, ಮುಖ ಸುಣ್ಣದ ಹಾಗೆ. ಇನ್ನೊಂದು ಸಲ ಆಡಿಕೊಂಡ ಹಾಗಾಯಿತಲ್ಲ ಎಂದು ಅವರು ಅಂದುಕೊಳ್ಳುತ್ತಿದ್ದದ್ದು ನನಗೆ ದೂರದಿಂದಲೇ ಗೊತ್ತಾಗುತ್ತಿತ್ತು.

ಮೊದಲು ಮುಂದೆ ಬಂದವನು ಹನೂರಿನ ಆ ಬಾಳೆಕಾಯಿ ವ್ಯಾಪಾರಿ, ಅವನೂ ಊಟಕ್ಕೆ ಬಂದಿದ್ದ. ಅವನು ಕುರ್ಚಿಗಳ ಮಧ್ಯೆ ಬಗ್ಗಿ ಬಗ್ಗಿ ನೋಡುತ್ತಾ ಹೋದ. ಒಂದರ ಕೈ ಸವರಿ, ಮೇಲೆತ್ತಿ ಹಿಡಿದ.

"ಅಣ್ಣೋ, ಇದು ನಿಂದೇ ಕಣಣ್ಣೋ. ನೋಡಿಲ್ಲಿ, ತಂತಿ ಹೊಲ್ಗೆ."

ಭಾವ ತಟ್ಟೆಯನ್ನು ಓರಗಿತ್ತಿಯ ಕೈಗೆ ಕೊಟ್ಟು ಹತ್ತಿರ ಬಂದರು. ತಂತಿಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು, ಈ ತುದಿಯಿಂದ ಆ ತುದಿಗೆ. ಮರದ ಕಡೆ ನೋಡಿದರು. ಇವರು ತಲೆ ಎತ್ತಲಿಲ್ಲ. ಭಾವ ಹೆಗಲ ಮೇಲಿನ ವಸ್ತ್ರದಿಂದ ಕುರ್ಚಿಯ ಧೂಳು ಒರೆಸಿ, ಅದರಲ್ಲಿ ಕೂತರು. ಕೂತು ಒರಗಿದರು. ಆಮೇಲೆ ನನ್ನನ್ನು ಕರೆದು ಒಂದು ಲೋಟ ಮಜ್ಜಿಗೆ ಕೇಳಿದರು. ಮೊದಲು ನಕ್ಕದ್ದು ದೇವರಗುಡ್ಡರು. ಅವರು ನಕ್ಕ ಮೇಲೆ ಊರೇ ನಕ್ಕಿತು.

ಊಟವಾದ ಮೇಲೆ ಭಾವ ಮಾತಾಡಿದರು. ಹೇಗೆ ಶುರುವಾಯಿತೋ ಗೊತ್ತಿಲ್ಲ, ನಾನು ಎಲೆ ಎತ್ತುತ್ತಿದ್ದೆ. ಜೋಳದ ಹೊಲದ ಕಾವಲಿಗೆ ಅಟ್ಟಣೆಯ ಮೇಲಿದ್ದಾಗ ಆನೆ ಬಂದು, ಜೋಳ ಬಿಟ್ಟು, ನೇತುಹಾಕಿದ್ದ ಕಂಬಳಿ ಎಳೆದು ಬೆನ್ನ ಮೇಲೆ ಹಾಕಿಕೊಂಡು, ಬೀಗರ ಮನೆಗೆ ಹೊರಟವರ ಹಾಗೆ ಹೋದ ಕತೆ. ಚಳಿಯಲ್ಲಿ ಭಾವ ಆನೆಯ ಹಿಂದೆ ಕಂಬಳಿ ಕೊಡು ಎಂದು ಬೇಡುತ್ತಾ ನಡೆದದ್ದು. ಬಾಳೆಕಾಯಿ ವ್ಯಾಪಾರಿ ನಡುನಡುವೆ ಮುಂದಿನದನ್ನು ನೆನಪಿಸುತ್ತಿದ್ದ, ಅವನಿಗೆ ಅದು ಬಾಯಿಪಾಠ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಓರಗಿತ್ತಿ ಸೌಟು ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

"ಈ ಕತೆ ನಂಗೆ ಒಂದಿವ್ಸನೂ ಏಳಿಲ್ಲ ನೋಡವ್ವ," ಅಂದಳು. ನಗುತ್ತಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನಗೂ ತಡೆಯಲಾಗಲಿಲ್ಲ.

ಆದರೆ ಅಂದು ಆಣೆಯ ಕೊನೆಯ ದಿನ. ಕತೆ ಹೇಳಿದ ಬಾಯಿ ಮಾರನೆಯ ದಿನ ಏನು ಮಾಡುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬರುವಾಗ ಇವರು ತಂತಿಯ ಕುರ್ಚಿಯನ್ನು ಅಲ್ಲೇ ಬಿಡೋಣ ಅಂದರು. ಭಾವ ಬೇಡ ಅಂದರು. ಅಷ್ಟೇ, ಯಾಕೆಂದು ಹೇಳಲಿಲ್ಲ. ಮನೆಗೆ ಬಂದವಳೇ ಹೊಸ ಗವುಸು ಹೊಲಿದೆ. ಈ ಸಲ ಕುರ್ಚಿಗಷ್ಟೇ ಅಲ್ಲ, ಕನ್ನಡಿಗೆ, ಗಡಿಯಾರಕ್ಕೆ, ಬೋರ್ಡಿಗೂ. ಬೋರ್ಡಿನದಕ್ಕೆ ಅಂಚು ಕಟ್ಟಿ ಕುಚ್ಚನ್ನೂ ಬಿಟ್ಟೆ. ಎಂದಾದರೂ ಭಾವ ಬಂದರೆ ಕಣ್ಣಿಗೆ ಏನೂ ಬೀಳಬಾರದು ಎಂದು.

ಪರದ ಮಾರನೆಯ ದಿನ ಭಾವ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲವೆಂದು ಓರಗಿತ್ತಿ ಫೋನಿನಲ್ಲಿ ಹೇಳಿದಳು. ಭಾನುವಾರ ಬಂದರು. ಹೇಳದೆ, ಒಬ್ಬರೇ. ನಾನು ಓಣಿಯಲ್ಲಿ ಕೆಲಸ ಮಾಡುತ್ತಿದ್ದವಳು ಎದ್ದು ನಿಂತೆ. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಇನ್ನೂ ಬಾರುಗಳಿವೆ. ನಾಚಿಕೆ ಬಿಟ್ಟು ಹತ್ತಿರ ಹೋಗಿ ಮೂಗೆಳೆದು ನೋಡಿದೆ. ಬರೀ ಬೆವರಿನ ವಾಸನೆ, ಬಸ್ಸಿನ ವಾಸನೆ. ಭಾವನಿಗೆ ಗೊತ್ತಾಯಿತು. ಸೀದಾ ಹಿಂದಿನ ರೂಮಿಗೆ ಹೋದರು. ಇವರು ಅಂಗಳದಿಂದ ಎದ್ದು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

ಭಾವ ಮೂಲೆಯ ಕುರ್ಚಿಯಲ್ಲಿ ಕೂತರು. ಗವುಸು ಹೊದ್ದ ರೂಮನ್ನು ಒಂದು ಸುತ್ತು ನೋಡಿದರು. ತಲೆಯ ಮೇಲಿನ ಬೋರ್ಡಿಗೆ ಕುಚ್ಚು ಕಂಡು ನಗು ಬಂದಿರಬೇಕು, ತುಟಿ ಅಲ್ಲಾಡಿತು. ಆಮೇಲೆ ತಮ್ಮನ ಮುಖ ನೋಡದೆಯೇ ಮಾತಾಡಿದರು.

"ಅವತ್ತು ಕ್ವಾಪ ಮಾಡ್ಕಂಡು ಓಗ್ಲಿಲ್ಲ ಕಣ್ಲಾ. ಆ ದೀಪ ನೋಡ್ತಿದ್ದಂಗೆ ಬಾಯಲ್ಲಿ ನೀರು ಬಂದ್ಬುಡ್ತು. ಇನ್ನೊಂದ್ ಗಳ್ಗೆ ನಿಂತಿದ್ರೆ ಆಣೆನೂ ಇರ್ತಿರ್ಲಿಲ್ಲ, ಏನೂ ಇರ್ತಿರ್ಲಿಲ್ಲ. ನಿನ್ ಮ್ಯಾಲೆ ಆಕ್ಬುಟ್ಟು ಓಡೋದೆ."

ಅಷ್ಟು ತಿಂಗಳು ಅಣ್ಣನಿಗೆ ಅವಮಾನ ಮಾಡಿದೆ ಎಂದು ಕೊರಗಿದವರು, ತಾನು ಮಾಡಿದ್ದು ಅದಕ್ಕಿಂತ ಅಪಾಯದ್ದು ಎಂದು ಈಗ ತಿಳಿದು ಗೋಡೆ ಹಿಡಿದುಕೊಂಡರು. ಎಲ್ಲ ಹೊರಗೆ ಹಾಕುತ್ತೇನಣ್ಣ, ಈಗಲೇ ಹಾಕುತ್ತೇನೆ ಅಂದರು. ನಾನು ಬೋರ್ಡಿನ ಗವುಸನ್ನು ಇನ್ನಷ್ಟು ಕೆಳಗೆ ಎಳೆಯಲು ಕೈ ಚಾಚಿದೆ. ಭಾವ ನನ್ನನ್ನು ತಡೆದರು.

"ಮುಚ್ಬ್ಯಾಡ ಕಣವ್ವ. ಮುಚ್ಚುದ್ರೆ ಅದ್ರೊಳಗಿರೋದ್ನೇ ನೆನಸ್ಕಂಡು ಕೂತಿರ್ತೀನಿ. ಇನ್ ಮ್ಯಾಲೆ ಆಣೆನೂ ಇಲ್ಲ. ಎದುರ್ಗೇ ಇರ್ಲಿ, ನೀವೂ ಇರಿ."

ನಾನು ಗವುಸು ತೆಗೆದೆ. ಬೋರ್ಡಿನದು, ಕನ್ನಡಿಯದು, ಕುರ್ಚಿಗಳದು, ಒಂದೊಂದಾಗಿ ಎಲ್ಲವನ್ನೂ. ದೀಪ ಹಾಕು ಎಂದು ಭಾವ ತಮ್ಮನಿಗೆ ಹೇಳಿದರು. ವೈರು ಕತ್ತರಿಸಿದ್ದೇನೆ ಎಂದು ಇವರು ಗೊಣಗಿದರು. ಕರೆಂಟು ಕ್ಯಲ್ಸದೋನ ಮನೇಲಿ ದೀಪಕ್ಕೆ ಬರವೇನ್ಲಾ ಅಂದರು ಭಾವ, ಮೊದಲಿನ ದನಿಯಲ್ಲಿ. ಆ ದನಿ ಕೇಳಿ ಎಷ್ಟು ಕಾಲವಾಗಿತ್ತು! ಇವರು ವೈರು ಜೋಡಿಸುವಾಗ ಟೇಪು ಎರಡು ಸಲ ಕೆಳಗೆ ಬಿತ್ತು.

ಬೋರ್ಡು ಹೊತ್ತಿತು. ಸೀಸೆ, ಗ್ಲಾಸು, ನೊರೆ. ಭಾವ ಕುರ್ಚಿ ತಿರುಗಿಸಿ ಅದನ್ನೇ ನೋಡುತ್ತಾ ಕೂತರು. ತಂತಿ ಹೊಲಿದ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಇವರು ಪಕ್ಕದ ಕುರ್ಚಿಯಲ್ಲಿ ಕೂತರು. ನಾನೂ ಕೂತೆ. ಹೊರಗೆ ಹಾಲಿನವನು ಬಂದು ಕರೆದು ಹೋದ, ನಾನು ಏಳಲಿಲ್ಲ. ಕೊನೆಗೆ ಭಾವ ಕೈ ಸಡಿಲಿಸಿ, ನನ್ನನ್ನು ಮಜ್ಜಿಗೆ ಕೇಳಿ, ಕೇರಂ ಬೋರ್ಡನ್ನು ಮೇಜಿನ ಮೇಲಕ್ಕೆ ಎಳೆದುಕೊಂಡರು. ನಾನು ಅಡುಗೆಮನೆಗೆ ಹೋಗಿ, ಮಜ್ಜಿಗೆ ಕಡೆಯುವ ನೆಪದಲ್ಲಿ, ಒಂದಿಷ್ಟು ಅತ್ತು ಬಂದೆ.

ಗವುಸುಗಳು ಈಗ ಅಡುಗೆಮನೆಯಲ್ಲಿವೆ, ಬಿಸಿ ಪಾತ್ರೆ ಹಿಡಿಯಲು ಅವನ್ನು ಮೀರಿಸಿದ್ದಿಲ್ಲ. ಕುರ್ಚಿಗಳು ಬರೀ ಮೈಯಲ್ಲೇ ಬೀದಿಯ ನಾಮಕರಣ, ತಿಥಿಗಳಿಗೆ ಹೋಗಿಬರುತ್ತವೆ. ಯಾರಾದರೂ ಮೂಗು ಮುರಿದರೆ ನೆಲದ ಮೇಲೆ ಕೂತ್ಕೊಳ್ಳಿ ಅನ್ನುತ್ತೇನೆ. ಬಾಳೆಕಾಯಿ ವ್ಯಾಪಾರಿಯೂ ಆಗಾಗ ಬರುತ್ತಾನೆ, ಹಾಕಿಕೊಂಡು ಬಂದರೆ ಗೇಟಿನಿಂದಲೇ ವಾಪಸ್ ಕಳಿಸುತ್ತೇನೆ. ಕೆಲವು ಸಲ ಓರಗಿತ್ತಿಯೂ ಜೊತೆಗೆ ಬರುತ್ತಾಳೆ, ಕತೆ ಕೇಳಲು. ಭಾವ ಮಾತ್ರ ಭಾನುವಾರ ತಪ್ಪಿಸುವುದಿಲ್ಲ. ಕೆಲವು ಭಾನುವಾರ ಚೆನ್ನಾಗಿ ಮಾತಾಡುತ್ತಾರೆ, ಕೆಲವು ಭಾನುವಾರ ತಂತಿಯ ಕೈ ಹಿಡಿದು ಸುಮ್ಮನೆ ಕೂತಿರುತ್ತಾರೆ, ನಾವೂ ಕೂತಿರುತ್ತೇವೆ. ಬಂದವರು ಮೊದಲು ಬೋರ್ಡಿನ ಸ್ವಿಚ್ ಹಾಕುತ್ತಾರೆ. ಹೋಗುವಾಗ ಅವರೇ ಆರಿಸಿ ಹೋಗುತ್ತಾರೆ.